ಗಾಲಿ ತೊಳೆದ ಮೇಲೂ ಉಳಿಯುವ ಬಿಳಿ ಕಲೆ: ಕಲಬುರಗಿಯ ಗಡಸು ನೀರಿನಲ್ಲಿ ಕಾರಿನ ಗಾಲಿಗಳನ್ನು ಶುಚಿಗೊಳಿಸುವ ಕ್ರಮ

ಭಾನುವಾರ ಬೆಳಿಗ್ಗೆ ಬೆವರು ಸುರಿಸಿ ಕಾರಿನ ನಾಲ್ಕೂ ಗಾಲಿಗಳನ್ನು ತೊಳೆದು, ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಅಲಾಯ್ ರಿಮ್ಮಿನ ಮೇಲೆ ಬಿಳಿ ಹನಿಗುರುತುಗಳು ಎದ್ದಿರುತ್ತವೆ. ನಟ್ಟುಗಳ ಕೆಳಗೆ ಕಂದು ಗೆರೆ ಇಳಿದಿರುತ್ತದೆ, ಸ್ಪೋಕುಗಳ ಮೂಲೆಯಲ್ಲಿ ಶಾಂಪೂವಿನ ಮಂಕು ಪದರ ಕೂತಿರುತ್ತದೆ. ಕಲಬುರಗಿಯಲ್ಲಿ ಕಾರು ಇಟ್ಟುಕೊಂಡವರಿಗೆ ಇದೇನೂ ಹೊಸದಲ್ಲ. ಸರಿಯಾಗಿ ಉಜ್ಜಿಲ್ಲವೆಂದು ಭಾವಿಸಿ ಇನ್ನೊಂದು ಮುಚ್ಚಳ ಶಾಂಪೂ ಹಾಕಿ ಮತ್ತೆ ಉಜ್ಜುವವರೇ ಹೆಚ್ಚು. ಹಾಗೆ ಮಾಡಿದಷ್ಟೂ ಕಲೆ ಹೆಚ್ಚುತ್ತದೆ. ಏಕೆಂದರೆ ಹೀಗೆ ಉಳಿಯುವುದರಲ್ಲಿ ಬಹುಪಾಲು ರಸ್ತೆಯಿಂದ ಬಂದದ್ದಲ್ಲ, ತೊಳೆಯುವಾಗ ನಾವೇ ಹಚ್ಚಿದ್ದು. ಗಾಲಿಯ ಮೇಲೆ ಯಾವ ದ್ರವವೂ, ಅದು ಶಾಂಪೂ ಆಗಲಿ, ಔಷಧಿಯಾಗಲಿ, ಬರೀ ನೀರೇ ಆಗಲಿ, ತಾನಾಗಿ ಒಣಗಲು ಬಿಡಬಾರದು. ಮುಂದೆ ಹೇಳುವ ಪ್ರತಿ ಹಂತವೂ ಈ ಒಂದು ಮಾತನ್ನು ಪಾಲಿಸುವ ದಾರಿಯೇ ಆಗಿದೆ.

ಮೊದಲು ನೀರಿನ ವಿಚಾರ

ಶಹಾಬಾದ್, ಚಿತ್ತಾಪುರ, ಸೇಡಂ ಭಾಗದ ನೆಲದಡಿಯಲ್ಲಿ ಹಾಸುಹಾಸಾಗಿ ಸುಣ್ಣಕಲ್ಲು ಇದೆ. ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ನೆಲೆ ನಿಂತಿರುವುದು ಆ ಕಲ್ಲಿನ ಬಲದ ಮೇಲೆಯೇ. ಕಲಬುರಗಿ ನಗರದ ಬೋರಿನ ನೀರೂ ಬಹಳ ಕಡೆ ಗಡಸು. ಇಂಥ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್, ನೀರು ಆವಿಯಾಗುತ್ತಿದ್ದಂತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗಿ ಕೂತುಬಿಡುತ್ತದೆ. ನಿಮ್ಮ ಮನೆಯ ನೀರು ಎಂಥದ್ದೆಂದು ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಏಪ್ರಿಲ್ ಕೊನೆಯಲ್ಲಿ ಕೂಲರ್‌ನ ಹುಲ್ಲಿನ ಪರದೆಯನ್ನು ಬಿಚ್ಚಿ ನೋಡಿದರೆ ಸಾಕು. ಆ ಹುಲ್ಲಿಗೆ ಹತ್ತಿದ ಬಿಳಿ ಹೊರೆಯೇ ಗಾಲಿಯ ಮೇಲೆ ತೆಳ್ಳಗೆ ಕೂರುವ ಕಲೆ. ನಲ್ವತ್ತೆರಡು, ನಲ್ವತ್ಮೂರು ಡಿಗ್ರಿ ಬಿಸಿಲಿನಲ್ಲಿ ಲೋಹದ ಮೇಲಿನ ಹನಿ ಒಣಗಲು ಎರಡು ನಿಮಿಷವೂ ಬೇಡ.

ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಬೇರೆ ನೀರಿನ ಮೂಲ ಇಲ್ಲದಿದ್ದರೆ 2,000ದವರೆಗೂ ಒಪ್ಪಬಹುದೆನ್ನುತ್ತದೆ. 1,000 ಟಿಡಿಎಸ್ ಇರುವ ಒಂದು ಲೀಟರ್ ನೀರು ಪೂರ್ತಿ ಒಣಗಿದರೆ ಸುಮಾರು ಒಂದು ಗ್ರಾಂ ಪುಡಿ ಉಳಿಯುತ್ತದೆ ಎಂದು ಲೆಕ್ಕ ಹಾಕಿಕೊಂಡರೆ, ಒರೆಸದೆ ಬಿಟ್ಟ ಗಾಲಿ ಏಕೆ ಬೆಳ್ಳಗಾಗುತ್ತದೆ ಎಂಬುದು ತಾನೇ ತಿಳಿಯುತ್ತದೆ.

ಈ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು, ಏಕೆಂದರೆ ಅದನ್ನು ನಮ್ಮ ಓಣಿಯಲ್ಲಿ ಇಂದಿಗೂ ಹಲವರು ಮಾಡುತ್ತಿದ್ದಾರೆ. ಅಡುಗೆಮನೆಯ ಆರ್‌ಒ ಯಂತ್ರ ಹೊರಬಿಡುವ ವ್ಯರ್ಥ ನೀರನ್ನು ಚೆಲ್ಲಬಾರದೆಂದು ಡ್ರಮ್ಮಿನಲ್ಲಿ ಹಿಡಿದಿಟ್ಟು, ಒಂದು ಬೇಸಿಗೆಯಿಡೀ ಅದರಿಂದಲೇ ಗಾಲಿ ತೊಳೆದೆ. ನೀರು ಉಳಿಸುವ ಉದ್ದೇಶ ಒಳ್ಳೆಯದೇ. ಆದರೆ ಆರ್‌ಒ ಯಂತ್ರ ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಸೇರುವುದು ಆ ವ್ಯರ್ಥ ನೀರಿಗೆ, ಹಾಗಾಗಿ ಅದು ಬೋರಿನ ನೀರಿಗಿಂತಲೂ ಗಡಸು. ಮಳೆಗಾಲ ಬರುವಷ್ಟರಲ್ಲಿ ಕಪ್ಪು ರಿಮ್ಮಿನ ಮೇಲೆ ಸುಣ್ಣ ಬಳಿದಂತಾಗಿತ್ತು. ಅದನ್ನು ಬಿಡಿಸಲು ನನಗೆ ಎರಡು ಭಾನುವಾರ ಹಿಡಿದವು. ಆ ನೀರನ್ನು ಕೆಸರು ನೆನೆಸಲು, ಟೈರು ಉಜ್ಜಲು ಧಾರಾಳವಾಗಿ ಬಳಸಿ, ಕೊನೆಯ ಜಾಲಾಟಕ್ಕೆ ಮಾತ್ರ ಎಂದಿಗೂ ಬೇಡ.

ಕೊನೆಯ ಜಾಲಾಟಕ್ಕೆ ಬೇಕಾಗುವುದು ಗಾಲಿಯೊಂದಕ್ಕೆ ಒಂದು ಚೊಂಬು, ಅಂದರೆ ನಾಲ್ಕಕ್ಕೂ ಸೇರಿ ನಾಲ್ಕೈದು ಲೀಟರ್ ಮೆದು ನೀರು. ಅದು ಆರ್‌ಒ ಯಂತ್ರದ ಕುಡಿಯುವ ನೀರಾಗಬಹುದು, ಮಳೆಗಾಲದಲ್ಲಿ ಮೊದಲ ಮಳೆ ಹೋದ ಮೇಲೆ ಮಾಳಿಗೆಯಿಂದ ಹಿಡಿದ ನೀರಾಗಬಹುದು, ಇಲ್ಲವೇ ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರಾಗಬಹುದು. ಎಸಿಯ ನೀರು ಗಾಳಿಯ ತೇವ ತಣ್ಣಗಾಗಿ ಇಳಿದದ್ದಾದ್ದರಿಂದ ಅದರಲ್ಲಿ ಲವಣ ಇಲ್ಲವೆಂದೇ ಹೇಳಬಹುದು. ಧೂಳಿರುತ್ತದೆ, ಬಟ್ಟೆಯಲ್ಲಿ ಸೋಸಿಕೊಳ್ಳಬೇಕು.

ಗಾಲಿ ಯಾವ ಬಗೆಯದೆಂದು ಗುರುತಿಸಿಕೊಳ್ಳಿ

ಬಣ್ಣ ಹಚ್ಚಿದ ಉಕ್ಕಿನ ಗಾಲಿ ಮತ್ತು ಅದರ ಮೇಲಿನ ಪ್ಲಾಸ್ಟಿಕ್ ಕ್ಯಾಪಿನ ಬಗ್ಗೆ ಹೆಚ್ಚು ಚಿಂತೆ ಬೇಡ. ಕ್ಯಾಪನ್ನು ಬಿಚ್ಚಿ ಬೇರೆಯಾಗಿ ತೊಳೆದರಾಯಿತು. ಅಲಾಯ್ ಗಾಲಿಗಳ ಮೇಲೆ ಸಾಮಾನ್ಯವಾಗಿ ಬಣ್ಣ, ಅದರ ಮೇಲೆ ಪಾರದರ್ಶಕ ಲೇಪ ಇರುತ್ತದೆ. ಈಚಿನ ಅನೇಕ ಕಾರುಗಳಲ್ಲಿ ಬರುವ ಡೈಮಂಡ್ ಕಟ್ ಗಾಲಿಗಳಲ್ಲಿ ಮುಖದ ಭಾಗದ ಬಣ್ಣವನ್ನು ಯಂತ್ರದಿಂದ ಕೆತ್ತಿ ತೆಗೆದು, ಹೊಳೆಯುವ ಬರಿ ಅಲ್ಯುಮಿನಿಯಂ ಮೇಲೆ ತೆಳುವಾದ ಲೇಪವನ್ನಷ್ಟೇ ಕೊಟ್ಟಿರುತ್ತಾರೆ. ಕಲ್ಲು ಸಿಡಿದು ಅಥವಾ ಫುಟ್‌ಪಾತಿಗೆ ಉಜ್ಜಿ ಈ ಲೇಪ ಒಂದು ಕಡೆ ಒಡೆದರೂ ಸಾಕು, ಆಮ್ಲವಾಗಲಿ ಕ್ಷಾರವಾಗಲಿ ಅಲ್ಲಿಂದ ಒಳನುಗ್ಗಿ ಲೇಪದ ಅಡಿಯಲ್ಲಿ ಜೇಡರಬಲೆಯಂಥ ಬಿಳಿ ಗೆರೆಗಳನ್ನು ಹರಡುತ್ತದೆ. ಅದನ್ನು ತೊಳೆದು ತೆಗೆಯಲಾಗುವುದಿಲ್ಲ. ಗಾಲಿಯನ್ನೇ ಮತ್ತೆ ಕೆತ್ತಿಸಿ ಲೇಪ ಹಾಕಿಸಬೇಕಾಗುತ್ತದೆ.

ಆದ್ದರಿಂದ ಶೌಚಾಲಯ ತೊಳೆಯುವ ಆಸಿಡ್ಡನ್ನು ಯಾವ ಗಾಲಿಗೂ ಹಾಕಬೇಡಿ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಕಾಸ್ಟಿಕ್ ಸೋಡಾ ಕೂಡ ಬೇಡ, ಅಲ್ಯುಮಿನಿಯಂ ಆಮ್ಲಕ್ಕೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ. ಪಾತ್ರೆ ತಿಕ್ಕುವ ಪುಡಿ, ಉಕ್ಕಿನ ನಾರು, ಹಸಿರು ಸ್ಕ್ರಬ್ಬರುಗಳು ಗೀರು ಹಾಕುತ್ತವೆ, ಗೀರಿನಲ್ಲಿ ಮುಂದಿನ ಸಲದ ಕೊಳೆ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಬಟ್ಟೆ ಸಾಬೂನು ಬೇಡವೆನ್ನಲು ಬೇರೆಯೇ ಕಾರಣವಿದೆ: ಸಾಬೂನು ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ, ಸ್ನಾನದ ಬಕೆಟ್ಟಿನ ಅಂಚಿಗೆ ಹತ್ತುವಂಥ ಬೂದು ಕಿಟ್ಟವಾಗುತ್ತದೆ. ಕಾರಿನ ಶಾಂಪೂ ಹಾಗೆ ಕಿಟ್ಟ ಕಟ್ಟುವುದಿಲ್ಲ.

ಸಿದ್ಧತೆ

ಎರಡು ಬಕೆಟ್, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬ್ರಷ್ ಜಾಲಿಸಲು ಬರೀ ನೀರು. ಟೈರಿಗೆ ಬಿರುಸಾದ ಬ್ರಷ್, ರಿಮ್ಮಿಗೆ ಮೃದುವಾದದ್ದು, ನಟ್ಟಿನ ಗುಳಿಗಳಿಗೆ ಒಂದಂಗುಲದ ಪೇಂಟ್ ಬ್ರಷ್. ಎರಡು ಮೈಕ್ರೋಫೈಬರ್ ಅರಿವೆಗಳು. ಇವನ್ನು ಗಾಲಿಗೆಂದೇ ಮೀಸಲಿಡಿ, ಕಾರಿನ ಮೈ ಒರೆಸಲು ಬಳಸಿದರೆ ಅದರಲ್ಲಿ ಸಿಕ್ಕಿಕೊಂಡ ಬ್ರೇಕಿನ ಕಬ್ಬಿಣದ ಕಣಗಳು ಬಣ್ಣವನ್ನು ಗೀರುತ್ತವೆ. ಕೈಗೆ ಗವುಸು ಇರಲಿ. ಶಾಂಪೂವನ್ನು ಬಾಟಲಿಯ ಮೇಲೆ ಹೇಳಿದ ಅಳತೆಗಿಂತ ಒಂದು ಹನಿಯನ್ನೂ ಹೆಚ್ಚು ಹಾಕಬೇಡಿ.

ಕೆಲಸಕ್ಕೆ ಕೂರಬೇಕಾದದ್ದು ಬೆಳಿಗ್ಗೆ ಆರು ಗಂಟೆಗೆ, ಇಲ್ಲವೇ ಹೊತ್ತು ಮುಳುಗುವ ಮುಂಚಿನ ನೆರಳಿನಲ್ಲಿ. ಓಡಾಡಿ ಬಂದ ಕಾರಾದರೆ ಕನಿಷ್ಠ ಅರ್ಧ ಗಂಟೆ ನಿಲ್ಲಿಸಿ, ರಿಮ್ಮಿನ ಮೇಲೆ ಅಂಗೈ ಇಟ್ಟು ತಣ್ಣಗಿದೆ ಎಂದು ಖಚಿತವಾದ ಮೇಲೆ ನೀರು ಮುಟ್ಟಿಸಿ. ಗಾಲಿಯ ಹಿಂದಿರುವ ಬ್ರೇಕಿನ ಡಿಸ್ಕ್ ಕಾದಿರುವಾಗ ಅದರ ಮೇಲೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುವ ಅಪಾಯವೂ ಇದೆ.

ಕಾರಿನ ಮೈಗಿಂತ ಮೊದಲು ಗಾಲಿ ತೊಳೆಯಬೇಕು, ಅದೂ ಒಂದೊಂದಾಗಿ. ನಾಲ್ಕಕ್ಕೂ ಒಮ್ಮೆಲೇ ಶಾಂಪೂ ಹಚ್ಚುತ್ತ ಸುತ್ತು ಬಂದರೆ ನಾಲ್ಕನೆಯದನ್ನು ಮುಗಿಸುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ.

ಮೊದಲ ಹಂತ: ಒಣಕೊಳೆಯನ್ನು ನೆನೆಸುವುದು

ಎರೆ ಭೂಮಿಯ ರಾಡಿ ಬೇರೆ ಮಣ್ಣಿನಂತಲ್ಲ. ನೀರು ಕುಡಿದಾಗ ಉಬ್ಬಿ ಅಂಟಾಗುತ್ತದೆ, ಒಣಗಿದಾಗ ಕುಗ್ಗಿ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆ. ಅದನ್ನು ಒಣಗಿದಂತೆಯೇ ಕೆರೆಯಲು ಹೋದರೆ ಬಣ್ಣವೂ ಕಿತ್ತು ಬರುತ್ತದೆ. ನೀರು ಚಿಮುಕಿಸಿ ಹತ್ತು ನಿಮಿಷ ಬಿಡಿ, ಮತ್ತೊಮ್ಮೆ ಚಿಮುಕಿಸಿ. ಅಷ್ಟರಲ್ಲಿ ಅದು ತಾನೇ ಉಬ್ಬಿ ಹಿಡಿತ ಬಿಡುತ್ತದೆ. ಈ ಹಂತದಲ್ಲಿ ರಿಮ್ಮಿನ ಒಳಮೈಯನ್ನು ಮರೆಯಬಾರದು. ಕಳೆದ ಮಳೆಗಾಲದಲ್ಲಿ ಜೇವರ್ಗಿ ಕಡೆಯ ಹೊಲದ ದಾರಿಯಲ್ಲಿ ಹೋಗಿಬಂದ ಮರುದಿನ, ಗಂಟೆಗೆ ಎಪ್ಪತ್ತು ಕಿಲೋಮೀಟರ್ ದಾಟಿದರೆ ಸ್ಟೀರಿಂಗ್ ನಡುಗುತ್ತಿತ್ತು. ಬ್ಯಾಲೆನ್ಸಿಂಗ್ ಮಾಡಿಸಲು ಹೋದರೆ ಅಲ್ಲಿಯ ಮೇಸ್ತ್ರಿ ಗಾಲಿ ಬಿಚ್ಚಿ, ಒಳಗಡೆ ಒಂದೇ ಬದಿಗೆ ಹತ್ತಿದ್ದ ಅಂಗೈಯಷ್ಟು ಎರೆಮಣ್ಣಿನ ಹೆಂಟೆಯನ್ನು ಮರದ ತುಂಡಿನಿಂದ ತಟ್ಟಿ ಕೆಡವಿದ. ನಡುಕ ಅಲ್ಲಿಗೇ ನಿಂತಿತು. ಒಳಮೈಗೆ ಕೈ ಹಾಕಿ, ನೆನೆದ ಹೆಂಟೆಗಳನ್ನು ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಬಿಡಿಸಿ. ಬ್ಯಾಲೆನ್ಸಿಂಗ್‌ಗೆಂದು, ಅಂದರೆ ಗಾಲಿ ನಡುಗದೆ ಸಮನಾಗಿ ತಿರುಗಲೆಂದು, ಅಲ್ಲಿ ಅಂಟಿಸಿರುವ ಸೀಸದ ಇಲ್ಲವೇ ಉಕ್ಕಿನ ಸಣ್ಣ ತೂಕದ ಪಟ್ಟಿಗಳನ್ನು ಮಾತ್ರ ಕೀಳಬೇಡಿ.

ಸೇಡಂ, ವಾಡಿ ರಸ್ತೆಗಳಲ್ಲಿ ದಿನವೂ ಓಡುವ ಕಾರುಗಳ ಗಾಲಿಗೆ ಸಿಮೆಂಟಿನ ಧೂಳು ಹತ್ತುತ್ತದೆ. ಇದಕ್ಕೆ ಅರೆಬರೆ ನೀರು ತೋರಿಸುವುದೇ ತಪ್ಪು; ಸಿಮೆಂಟು ಸ್ವಲ್ಪ ತೇವ ಸಿಕ್ಕರೆ ಕಚ್ಚಿಕೊಳ್ಳುತ್ತದೆ. ಒಣ ಬ್ರಷ್ಷಿನಿಂದ ಮೆಲ್ಲಗೆ ಝಾಡಿಸಿ, ಆಮೇಲೆ ಒಮ್ಮೆಲೇ ಬಹಳ ನೀರು ಸುರಿಯಬೇಕು. ಬೀದರಿನ ಕಡೆ ಹೋಗಿಬಂದರೆ ಅಲ್ಲಿಯ ಜಂಬಿಟ್ಟಿಗೆಯ ಕೆಂಧೂಳು ಗಾಲಿಗೆ ತುಕ್ಕಿನ ಬಣ್ಣ ಕೊಡುತ್ತದೆ, ನೋಡಿದವರು ಗಾಬರಿಯಾಗುತ್ತಾರೆ. ಒದ್ದೆ ಬೆರಳಿನಿಂದ ಒರೆಸಿದಾಗ ಹೋದರೆ ಅದು ಮಣ್ಣು. ಹೋಗದೆ ಚುಕ್ಕಿಚುಕ್ಕಿಯಾಗಿ ಉಳಿದರೆ ಅದು ಬ್ರೇಕಿನಿಂದ ಬಂದ ಕಬ್ಬಿಣ, ಅದರ ಚಿಕಿತ್ಸೆ ಬೇರೆ.

ಎರಡನೆಯ ಹಂತ: ಟೈರು, ಆಮೇಲೆ ರಿಮ್

ಟೈರು ಉಜ್ಜಿದಾಗ ಇಳಿಯುವ ಕಂದು ನೀರು ರಿಮ್ಮಿನ ಮೇಲೂ ಸಿಡಿಯುವುದರಿಂದ ಟೈರನ್ನೇ ಮೊದಲು ಮುಗಿಸಬೇಕು. ಆ ಕಂದು ಬಣ್ಣ ಬರೀ ಮಣ್ಣಲ್ಲ. ರಬ್ಬರು ಸೀಳದಂತೆ ಕಾಪಾಡಲು ಅದರೊಳಗೆ ಬೆರೆಸಿದ ರಾಸಾಯನಿಕ ಮೇಲೆ ಬಂದು ಗಾಳಿಗೆ ಕಂದಾಗಿರುತ್ತದೆ. ನೊರೆ ಬಿಳಿಯಾಗಿ ಬರುವವರೆಗೆ ಉಜ್ಜಿ ತೊಳೆಯಿರಿ.

ರಿಮ್ಮಿಗೆ ಶಾಂಪೂ ಹಚ್ಚುವಾಗ ಒಳಮೈಯಿಂದ ಶುರುಮಾಡಿ ಹೊರಮೈಗೆ ಬನ್ನಿ, ಮೇಲಿನಿಂದ ಕೆಳಕ್ಕೆ ಇಳಿಯಿರಿ, ಒಂದೊಂದು ಸ್ಪೋಕಿಗೂ ಬ್ರಷ್ಷನ್ನು ಬರೀ ನೀರಿನ ಬಕೆಟ್ಟಿನಲ್ಲಿ ಅದ್ದಿ ಕೊಡವಿಕೊಳ್ಳಿ. ಪೇಂಟ್ ಬ್ರಷ್ಷಿನಿಂದ ನಟ್ಟಿನ ಗುಳಿ, ವಾಲ್ವಿನ ಬುಡ, ನಡುವಿನ ಕ್ಯಾಪಿನ ಅಂಚುಗಳನ್ನು ಸುತ್ತಿಸಿ. ಒಣಗಿದ ಮೇಲೆ ಬಿಳಿ ಪದರ ಕಾಣಿಸುವುದು ಈ ಮೂರು ಜಾಗಗಳಲ್ಲಿಯೇ. ನೊರೆ ಇನ್ನೂ ಹಸಿಯಾಗಿರುವಾಗಲೇ ಜಾಲಿಸಿ. ಹೈ ಪ್ರೆಶರ್ ಯಂತ್ರ ಬಳಸುವವರು ನಳಿಗೆಯನ್ನು ಟೈರಿನಿಂದ ಒಂದು ಅಡಿಯಾದರೂ ದೂರ ಹಿಡಿಯಬೇಕು.

ಮೂರನೆಯ ಹಂತ: ಬ್ರೇಕಿನ ಧೂಳು ಮತ್ತು ಡಾಂಬರು

ಬ್ರೇಕ್ ಒತ್ತಿದಾಗ ಪ್ಯಾಡೂ ಸವೆಯುತ್ತದೆ, ಎರಕದ ಕಬ್ಬಿಣದ ಡಿಸ್ಕೂ ಸವೆಯುತ್ತದೆ. ಆ ಬಿಸಿ ಕಣಗಳು ರಿಮ್ಮಿನ ಲೇಪಕ್ಕೆ ಕಚ್ಚಿಕೊಂಡು ಅಲ್ಲಿಯೇ ತುಕ್ಕು ಹಿಡಿಯುತ್ತವೆ. ವೇಗ ತಗ್ಗಿಸುವಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕುಗಳಿಗೆ ಹೆಚ್ಚು ಕೆಲಸ. ನಮ್ಮಲ್ಲಿಯ ಅನೇಕ ಕಾರುಗಳ ಹಿಂದಿನ ಬ್ರೇಕುಗಳು ಮುಚ್ಚಿದ ಡ್ರಮ್ಮುಗಳು ಬೇರೆ. ಹೀಗಾಗಿ ಮುಂದಿನ ಗಾಲಿ ಕಪ್ಪಗಾದಷ್ಟು ಹಿಂದಿನದು ಆಗುವುದಿಲ್ಲ. ಶಾಂಪೂವಿಗೆ ಬಗ್ಗದ ಈ ಚುಕ್ಕಿಗಳಿಗೆ ಐರನ್ ರಿಮೂವರ್ ಎಂಬ ದ್ರವ ಸಿಗುತ್ತದೆ. ಸಾಮಾನ್ಯವಾಗಿ ಅದರಲ್ಲಿ ಕೆಲಸ ಮಾಡುವುದು ಥಯೋಗ್ಲೈಕೊಲೇಟ್ ಎಂಬ ಲವಣ. ಸಿಂಪಡಿಸಿದ ಒಂದೆರಡು ನಿಮಿಷದಲ್ಲಿ ಬಣ್ಣವಿಲ್ಲದ ದ್ರವ ಕಬ್ಬಿಣ ಇರುವಲ್ಲೆಲ್ಲ ನೇರಳೆಯಾಗಿ, ನೇರಳೆ ಹಣ್ಣು ಹಿಸುಕಿದಂತೆ ಸ್ಪೋಕಿನ ಉದ್ದಕ್ಕೂ ಇಳಿಯತೊಡಗುತ್ತದೆ. ಗಂಧಕದ ಕೆಟ್ಟ ವಾಸನೆ ಬರುತ್ತದೆ, ಬಯಲಿನಲ್ಲಿ ಮೂಗು ಕಟ್ಟಿಕೊಂಡು ಮಾಡಿ. ಬಣ್ಣ ತಿರುಗಿದ ಮೇಲೆ ಮೃದುವಾದ ಬ್ರಷ್ ಆಡಿಸಿ, ಬಾಟಲಿಯ ಮೇಲಿನ ಅವಧಿ ಮೀರುವ ಮುನ್ನ ಧಾರಾಳವಾಗಿ ನೀರು ಹಾಕಿ. ನೇರಳೆ ನೀರು ಒಣಗಿದರೆ ಅದರದೇ ಒಂದು ಕಲೆಯಾಗುತ್ತದೆ. ಇದನ್ನು ವಾರವಾರ ಬಳಸಬೇಕಿಲ್ಲ, ಮೂರು ನಾಲ್ಕು ತಿಂಗಳಿಗೊಮ್ಮೆ ಸಾಕು.

ಬೇಸಿಗೆಯಲ್ಲಿ ಮೆತ್ತಗಾದ ಡಾಂಬರು ಸಿಡಿದು ಹತ್ತಿದ್ದರೆ, ಅರಿವೆಯ ತುದಿಗೆ ಡಾಂಬರು ರಿಮೂವರ್ ಇಲ್ಲವೇ ಸ್ವಲ್ಪ ಸೀಮೆಎಣ್ಣೆ ತಾಗಿಸಿ, ಆ ಚುಕ್ಕಿಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು ಒರೆಸಿ. ಡಿಸ್ಕಿಗೂ ರಬ್ಬರಿಗೂ ಅದು ಸೋಕಬಾರದು. ಸೀಮೆಎಣ್ಣೆ ಜಿಡ್ಡು ಉಳಿಸುತ್ತದೆ, ಆ ಜಿಡ್ಡಿಗೆ ಧೂಳು ಹತ್ತುತ್ತದೆ. ಆದಕಾರಣ ಆ ಜಾಗಕ್ಕೆ ಮತ್ತೊಮ್ಮೆ ಶಾಂಪೂ ತೋರಿಸಲೇಬೇಕು. ಪೆಟ್ರೋಲ್ ಬೇಡ, ಬೆಂಕಿಯ ಭಯವಿದೆ. ಹಳೆಯ ಬ್ಯಾಲೆನ್ಸಿಂಗ್ ಪಟ್ಟಿ ಕಿತ್ತ ಜಾಗದ ಕಪ್ಪು ಅಂಟಿಗೆ ಹೇರ್ ಡ್ರೈಯರಿನ ಬಿಸಿಗಾಳಿ ಕೊಟ್ಟು ಬೆರಳಿನಿಂದ ಉರುಟಿಸಿ, ಉಳಿದದ್ದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ.

ನಾಲ್ಕನೆಯ ಹಂತ: ಕೊನೆಯ ಜಾಲಾಟ ಮತ್ತು ಒರೆಸುವುದು

ಇಡೀ ಕೆಲಸದ ಫಲ ನಿಂತಿರುವುದು ಈ ಐದು ನಿಮಿಷದ ಮೇಲೆ. ಬೋರಿನ ನೀರಿನಿಂದ ಒಳಗೂ ಹೊರಗೂ ಜಾಲಿಸಿ, ಕೆಳಗೆ ಹರಿಯುವ ನೀರಿನಲ್ಲಿ ನೊರೆ ನಿಂತ ಮೇಲೆ, ತೆಗೆದಿಟ್ಟ ಮೆದು ನೀರಿನ ಚೊಂಬನ್ನು ರಿಮ್ಮಿನ ಮೇಲಂಚಿನಿಂದ ಸಣ್ಣ ಧಾರೆಯಾಗಿ ಸುತ್ತಲೂ ಇಳಿಬಿಡಿ. ಎತ್ತರದಿಂದ ಸುರಿಯಬೇಡಿ. ಹತ್ತಿರದಿಂದ ಮೆಲ್ಲಗೆ ಬಿಟ್ಟ ನೀರು ಹಾಳೆಯಂತೆ ಜಾರುತ್ತ, ಗಡಸು ನೀರಿನ ಹನಿಗಳನ್ನು ತನ್ನೊಡನೆ ಎಳೆದುಕೊಂಡು ಹೋಗುತ್ತದೆ. ಕೂಡಲೇ ಒಂದು ಅರಿವೆಯಿಂದ ನೀರನ್ನು ಒತ್ತಿ ಹೀರಿಸಿ, ಎರಡನೆಯ ಒಣ ಅರಿವೆಯಿಂದ ಒರೆಸಿ, ನಟ್ಟಿನ ಗುಳಿಯೊಳಗೆ ಅರಿವೆಯ ಮೂಲೆಯನ್ನು ತಿರುಚಿ ತೂರಿಸಿ.

ಇಷ್ಟಾದ ಮೇಲೂ ನಟ್ಟುಗಳ ಹಿಂದೆ, ತೂಕದ ಪಟ್ಟಿಯ ಅಡಿಯಲ್ಲಿ ನೀರು ಅಡಗಿರುತ್ತದೆ. ನಾಲ್ಕೂ ಗಾಲಿ ಮುಗಿದ ಮೇಲೆ ಕಾರನ್ನು ಓಣಿಯ ಕೊನೆಯವರೆಗೆ ನಿಧಾನವಾಗಿ ಓಡಿಸಿ, ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿ ಹಿಂತಿರುಗಿ ಬನ್ನಿ. ಗಾಲಿ ತಿರುಗುವ ರಭಸಕ್ಕೆ ಆ ನೀರು ಹೊರಚಿಮ್ಮಿ ಸ್ಪೋಕಿನ ಮೇಲೆ ಗೆರೆಯಾಗಿ ಕಾಣುತ್ತದೆ. ಅದನ್ನೂ ಒರೆಸಿ. ಬೆಳಿಗ್ಗೆ ಮಾಯವಾಗಿದ್ದ ಕಂದು ಗೆರೆ ಸಂಜೆ ಮತ್ತೆ ಹುಟ್ಟುವುದು ಈ ಒಂದು ಸುತ್ತು ತಪ್ಪಿಸಿದ್ದರಿಂದಲೇ. ಡಿಸ್ಕಿನ ತೇವವೂ ಬ್ರೇಕಿನ ಬಿಸಿಗೆ ಆರುತ್ತದೆ. ಒದ್ದೆಯಾಗಿಯೇ ನಿಲ್ಲಿಸಿದರೆ ಮರುದಿನ ಡಿಸ್ಕಿನ ಮೇಲೆ ತೆಳುವಾದ ಕೇಸರಿ ತುಕ್ಕು ಕಾಣುತ್ತದೆ. ಒಂದೆರಡು ಬ್ರೇಕಿಗೆ ಅದು ಹೋಗುತ್ತದೆ, ಹೆದರಬೇಕಿಲ್ಲ.

ಹಳೆಯ ಬಿಳಿ ಕಲೆಗಳಿಗೆ

ಈಗಾಗಲೇ ಕೂತಿರುವ ಸುಣ್ಣ ಶಾಂಪೂವಿಗೆ ಕರಗದು, ಮೃದುವಾದ ಆಮ್ಲಕ್ಕೆ ಕರಗುತ್ತದೆ. ಅಡುಗೆಯ ಬಿಳಿ ವಿನೆಗರಿಗೆ ಅಷ್ಟೇ ಆರ್‌ಒ ನೀರು ಬೆರೆಸಿ, ಅಥವಾ ಒಂದು ಲೀಟರ್ ನೀರಿಗೆ ಎರಡು ಚಹಾ ಚಮಚ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು, ಕರಗಿಸಿ. ಮೊದಲು ರಿಮ್ಮಿನ ಒಳಗಡೆಯ ಕಾಣದ ಜಾಗದಲ್ಲಿ ಪರೀಕ್ಷಿಸಿ, ಆಮೇಲೆ ಅರಿವೆಯನ್ನು ಅದ್ದಿ ಹಿಂಡಿ ಕಲೆಯ ಮೇಲೆ ಒಂದು ನಿಮಿಷ ಹಾಸಿಡಿ, ಒರೆಸಿ, ತಕ್ಷಣ ಜಾಲಿಸಿ. ದಪ್ಪ ಪದರವಾದರೆ ಹೊತ್ತು ಹೆಚ್ಚಿಸುವುದಕ್ಕಿಂತ ಇದನ್ನೇ ಮೂರು ನಾಲ್ಕು ಸಲ ಮಾಡುವುದು ಕ್ಷೇಮ. ಲೇಪ ಒಡೆದ ಡೈಮಂಡ್ ಕಟ್ ಗಾಲಿಗೆ, ಲೇಪವಿಲ್ಲದ ಬರಿ ಅಲ್ಯುಮಿನಿಯಂಗೆ ಇದು ಬೇಡ. ಐರನ್ ರಿಮೂವರ್ ಪೂರ್ತಿ ತೊಳೆದು ಹೋಗುವ ಮುನ್ನ ಆಮ್ಲ ಹಚ್ಚಬೇಡಿ, ಬ್ಲೀಚಿಂಗ್ ಪುಡಿಯ ಹತ್ತಿರಕ್ಕಂತೂ ತರಲೇಬೇಡಿ. ಬ್ಲೀಚಿಗೆ ಆಮ್ಲ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಅಂಗಳಕ್ಕೆ ಶಹಾಬಾದಿ ಫರ್ಸಿ ಹಾಸಿದ ಮನೆಯವರಿಗೆ ಇನ್ನೊಂದು ಮಾತು. ಆ ಫರ್ಸಿಯೂ ಸುಣ್ಣಕಲ್ಲೇ. ಒಂದು ಹನಿ ವಿನೆಗರ್ ಅದರ ಮೇಲೆ ಬಿಟ್ಟು ಬಗ್ಗಿ ನೋಡಿದರೆ ಸಣ್ಣ ಸಣ್ಣ ಗುಳ್ಳೆಗಳು ಏಳುವುದು ಕಾಣುತ್ತದೆ; ಒರೆಸಿದ ಮೇಲೆ ಅಷ್ಟು ಜಾಗದ ಹೊಳಪು ಹೋಗಿ ಮಂಕು ಚುಕ್ಕಿ ಉಳಿಯುತ್ತದೆ. ಗಾಲಿಯ ಸುಣ್ಣವನ್ನು ಕರಗಿಸುವ ಆಮ್ಲ ಕಾಲಡಿಯ ಕಲ್ಲನ್ನೂ ಬಿಡುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ಕಾರನ್ನು ಮಣ್ಣಿನ ಮೇಲೆ ನಿಲ್ಲಿಸಿ, ಇಲ್ಲವೇ ಗಾಲಿಯ ಕೆಳಗೆ ಅಗಲವಾದ ಪ್ಲಾಸ್ಟಿಕ್ ತಟ್ಟೆ ಇಟ್ಟು ನೀರನ್ನು ಹಿಡಿಯಿರಿ.

ಶುಚಿಯಾದ ಗಾಲಿಗೆ ರಕ್ಷಣೆ

ಪೂರ್ತಿ ಒಣಗಿದ ರಿಮ್ಮಿಗೆ ಗಾಲಿಗೆಂದೇ ಮಾಡಿದ ಸೀಲೆಂಟನ್ನು, ಅಂದರೆ ರಕ್ಷಣೆಯ ಲೇಪವನ್ನು, ತೆಳ್ಳಗೆ ಸವರಿ ಒರೆಸಿದರೆ, ಮುಂದಿನ ಕೆಲವು ವಾರ ಬ್ರೇಕಿನ ಧೂಳು ಬರೀ ನೀರಿಗೇ ಇಳಿಯುತ್ತದೆ. ಸಾಮಾನ್ಯ ಮೇಣ ಬ್ರೇಕಿನ ಬಿಸಿಗೆ ಬೇಗ ಸೋಲುತ್ತದೆ. ಡಿಸ್ಕಿನ ಮೇಲೆ ಸೀಲೆಂಟಾಗಲಿ ಪಾಲಿಶ್ ಆಗಲಿ ಒಂದು ಹನಿಯೂ ಬೀಳಬಾರದು, ಬ್ರೇಕ್ ಹಿಡಿಯದೆ ಹೋದೀತು. ಟೈರ್ ಪಾಲಿಶನ್ನು ನೇರವಾಗಿ ಸಿಂಪಡಿಸದೆ, ಸ್ಪಂಜಿಗೆ ಹಾಕಿಕೊಂಡು ಟೈರಿನ ಪಕ್ಕೆಗೆ ಮಾತ್ರ ಹಚ್ಚಿ. ರಸ್ತೆಗೆ ತಾಗುವ ಭಾಗಕ್ಕೆ ಹಚ್ಚಿದರೆ ಕಾರು ಜಾರುತ್ತದೆ. ಹತ್ತು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಅದು ತಿರುಗುವಾಗ ಸಿಡಿದು, ಈಗಷ್ಟೇ ಒರೆಸಿದ ರಿಮ್ಮಿನ ಮೇಲೆ ಜಿಡ್ಡಿನ ಗೆರೆ ಎಳೆಯುತ್ತದೆ.

ಉಳಿದ ವಿನೆಗರ್ ನೀರನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ಮಕ್ಕಳಿರುವ ಮನೆಯಲ್ಲಂತೂ ಅದನ್ನು ಅಂದೇ ಚೆಲ್ಲಿಬಿಡಿ. ಅರಿವೆಗಳನ್ನು ಡಿಟರ್ಜೆಂಟಿನಲ್ಲಿ ಒಗೆದು ನೆರಳಿಗೆ ಹರವಿ, ಬಟ್ಟೆ ಮೆದುವಾಗಿಸುವ ದ್ರವವನ್ನು ಅದಕ್ಕೆ ಹಾಕಬೇಡಿ. ಹಾಕಿದರೆ ನೂಲಿಗೆ ಜಿಡ್ಡು ಹತ್ತಿ, ಮುಂದಿನ ಸಲ ಅರಿವೆ ನೀರು ಹೀರದೆ ಗಾಲಿಯ ಮೇಲೆಲ್ಲ ಸವರಿಬಿಡುತ್ತದೆ.